ಬೇಲಂ ಗುಹೆಯ ಇನ್ನರ್ಧ ತೆರೆದರೆ ಊರಿಗೆ ಲಾಭವೇ?

ಪ್ರಶ್ನೆ: ಮನೆಯವರೆಲ್ಲ ಸೇರಿ ಆಂಧ್ರದ ಬೇಲಂ ಗುಹೆ ನೋಡಿಕೊಂಡು ಬಂದೆವು. ತುಂಬಾ ಇಷ್ಟವಾಯಿತು. ಆದರೆ ಗುಹೆಯ ಉದ್ದ 3229 ಮೀಟರ್ ಅನ್ನುತ್ತಾರೆ, ತೋರಿಸುವುದು ಒಂದೂವರೆ ಕಿಲೋಮೀಟರ್ ಮಾತ್ರ. ಉಳಿದದ್ದಕ್ಕೂ ದೀಪ ಹಾಕಿ, ಮೆಟ್ಟಿಲು ಕಟ್ಟಿ ತೆರೆದರೆ ಇನ್ನೂ ಜಾಸ್ತಿ ಜನ ಬರುತ್ತಾರೆ, ಸುತ್ತಲಿನ ಹಳ್ಳಿಗಳಿಗೂ ನಾಲ್ಕು ಕಾಸು ಸಿಗುತ್ತದೆ ಅಲ್ವಾ? ಯಾಕೆ ಹಾಗೇ ಬಿಟ್ಟಿದ್ದಾರೆ? ಇನ್ನೊಂದು ಸಣ್ಣ ಪ್ರಶ್ನೆ. ಗುಹೆ ಅಂದರೆ ತಂಪಾಗಿರುತ್ತದೆ ಅಂದುಕೊಂಡಿದ್ದೆವು. ಒಳಗೆ ಸೆಕೆಗೆ ಬಟ್ಟೆಯೆಲ್ಲ ಒದ್ದೆಯಾಯಿತು. ಒಂದು ಇಕ್ಕಟ್ಟಿನ ಜಾಗದಲ್ಲಿ ಅಮ್ಮನಿಗೆ ಉಸಿರು ಕಟ್ಟಿದ ಹಾಗಾಗಿ ಅರ್ಧಕ್ಕೇ ವಾಪಸ್ ಕರೆದುಕೊಂಡು ಬಂದೆವು. ಯಾಕೆ ಹೀಗೆ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಸಣ್ಣದೇನಲ್ಲ. ಮೊದಲ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಗುಹೆಯ ಒಳಭಾಗಕ್ಕೆ ಬೇಸಿಗೆ, ಚಳಿಗಾಲ ಅಂತ ಇರುವುದಿಲ್ಲ. ಮೇಲಿನ ನೆಲದ ವರ್ಷದ ಸರಾಸರಿ ಉಷ್ಣತೆ ಎಷ್ಟೋ, ಹೆಚ್ಚುಕಡಿಮೆ ಅಷ್ಟೇ ಒಳಗೂ ವರ್ಷಪೂರ್ತಿ ಇರುತ್ತದೆ. ಸ್ಲೊವೇನಿಯಾದ ಪೊಸ್ಟೊಯ್ನಾ ಗುಹೆಯೊಳಗೆ ಸುಮಾರು 10 ಡಿಗ್ರಿ. ಜುಲೈನಲ್ಲಿ ಹೋದವರೂ ಸ್ವೆಟರ್ ಹಾಕಿಕೊಳ್ಳುತ್ತಾರೆ. ಬೇಲಂ ಇರುವುದು ರಾಯಲಸೀಮೆಯ ನಂದ್ಯಾಲ ಜಿಲ್ಲೆಯಲ್ಲಿ, ಕೊಲಿಮಿಗುಂಡ್ಲದ ಹತ್ತಿರ. ದೇಶದಲ್ಲೇ ಬಿಸಿಲು ಜಾಸ್ತಿ ಇರುವ ಸೀಮೆ ಅದು. ಅಲ್ಲಿನ ಸರಾಸರಿಯೇ ಜಾಸ್ತಿ, ಹಾಗಾಗಿ ಗುಹೆಯೂ ಬೆಚ್ಚಗೆ. ಅದರ ಮೇಲೆ ಒಳಗಿನ ಗಾಳಿಯಲ್ಲಿ ತೇವ ತುಂಬಿರುತ್ತದೆ. ಬೆವರು ಬರುತ್ತದೆ, ಆದರೆ ಆರುವುದಿಲ್ಲ. ಮೈ ತಣ್ಣಗಾಗಲು ದಾರಿಯೇ ಇರುವುದಿಲ್ಲ.

ನಿಮ್ಮ ತಾಯಿಯವರನ್ನು ವಾಪಸ್ ಕರೆತಂದದ್ದು ಒಳ್ಳೆಯದಾಯಿತು. ಸೆಕೆ, ಇಕ್ಕಟ್ಟು, ಮೆಟ್ಟಿಲು ಹತ್ತಿದ ಆಯಾಸ ಇವಿಷ್ಟೇ ಸಾಕು ಉಸಿರು ಕಟ್ಟಲು. ಇನ್ನೊಂದು ಕಾರಣವೂ ಸೇರಿರಬಹುದು. ನಾವು ಬಿಡುವ ಉಸಿರಿನಲ್ಲಿ ಶೇ. 4ರಷ್ಟು ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಹೊರಗಿನ ಗಾಳಿಯಲ್ಲಿ ಇರುವುದರ ಸುಮಾರು ನೂರು ಪಟ್ಟು. ಗಾಳಿ ಓಡಾಡದ ತಗ್ಗಿನ ಜಾಗದಲ್ಲಿ ಐವತ್ತು ಜನ ನಿಂತು ಫೋಟೋ ತೆಗೆಯುತ್ತಿದ್ದರೆ ಅಲ್ಲಿನ ಗಾಳಿ ಬೇಗ ಕೆಡುತ್ತದೆ. ಬೇಲಂನಲ್ಲಿ ಹೊರಗಿನ ಗಾಳಿಯನ್ನು ಒಳಗೆ ತಳ್ಳುವ ಏರ್ಪಾಡು ಮಾಡಿರುವುದು ಇದಕ್ಕಾಗಿಯೇ. ಯಾವ ಗುಹೆಯಲ್ಲೇ ಆಗಲಿ, ಯಾರಿಗಾದರೂ ಹೀಗಾದರೆ ಅಲ್ಲೇ ಕೂರಿಸಿ ಸುಧಾರಿಸಿಕೊಳ್ಳಲಿ ಅಂತ ಕಾಯಬೇಡಿ. ತಕ್ಷಣ ಹೊರಗೆ ಕರೆತನ್ನಿ. ಆಸ್ತಮಾ ಇರುವವರು, ಹೃದಯದ ತೊಂದರೆ ಇರುವವರು ಬೇಲಂನ ಅತ್ಯಂತ ಆಳದ ಜಾಗವಾದ ಪಾತಾಳಗಂಗೆಯವರೆಗೆ ಇಳಿಯದಿರುವುದೇ ಒಳ್ಳೆಯದು. ಅದು ನೆಲದಿಂದ 46 ಮೀಟರ್ ಕೆಳಗಿದೆ. ವಾಪಸ್ ಹತ್ತಬೇಕು ಅನ್ನುವುದನ್ನು ಇಳಿಯುವ ಮೊದಲೇ ನೆನಪಿಟ್ಟುಕೊಳ್ಳಬೇಕು.

ಈಗ ಇದನ್ನೇ ಗುಹೆಯ ಕಡೆಯಿಂದ ನೋಡಿ. ಸುಮ್ನೆ ನಿಂತಿರುವ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್‌ನಷ್ಟು ಶಾಖ ಹೊರಡುತ್ತದೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಇನ್ನೂ ಜಾಸ್ತಿ. ಐವತ್ತು ಜನರ ಗುಂಪು ಅಂದರೆ ಕಡಿಮೆಯೆಂದರೂ 5 ಕಿಲೋವಾಟ್. ಜೊತೆಗೆ ಉಸಿರಿನ ಆವಿ. ಸಾವಿರಾರು ವರ್ಷ ಒಂದೇ ಹದದಲ್ಲಿದ್ದ ಜಾಗಕ್ಕೆ ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಇದೆಲ್ಲ ಬಂದು ಸೇರುತ್ತದೆ.

ಇದರಿಂದ ಕಲ್ಲಿಗೇನು ತೊಂದರೆ ಅಂತ ಕೇಳಬಹುದು. ಸುಣ್ಣದ ಕಲ್ಲಿನಲ್ಲಿ ಗುಹೆಯಾಗುವುದೇ ಕಾರ್ಬನ್ ಡೈಆಕ್ಸೈಡ್‌ನಿಂದ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಈ ಅನಿಲವನ್ನು ಹೀರಿಕೊಂಡು ಸ್ವಲ್ಪ ಆಮ್ಲವಾಗುತ್ತದೆ. ಬಿರುಕುಗಳಲ್ಲಿ ಹರಿಯುತ್ತಾ ಕಲ್ಲನ್ನು ಕರಗಿಸುತ್ತದೆ. ಹಾಗೆ ಸುಣ್ಣ ಹೊತ್ತು ಬಂದ ನೀರು ಗುಹೆಯ ಚಾವಣಿಯಿಂದ ತೊಟ್ಟಿಕ್ಕುವಾಗ ಅನಿಲ ಹೊರಗೆ ಹೋಗುತ್ತದೆ, ಸುಣ್ಣ ಅಲ್ಲೇ ಉಳಿಯುತ್ತದೆ. ಚಾವಣಿಯಿಂದ ಇಳಿಯುವ ಸ್ಟ್ಯಾಲಕ್ಟೈಟ್, ನೆಲದಿಂದ ಏಳುವ ಸ್ಟ್ಯಾಲಗ್ಮೈಟ್ ಎಲ್ಲ ಹೀಗೇ ಬೆಳೆದವು. ಬೆಳೆಯುವುದು ಎಷ್ಟು ನಿಧಾನ ಅಂದರೆ, ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಒಂದು ಗೇಣು ಬೆಳೆಯಲು ಎರಡು ಸಾವಿರ ವರ್ಷ. ಮಳೆ ಕಡಿಮೆಯಾದ ಸೀಮೆಯಲ್ಲಿ ಇನ್ನೂ ನಿಧಾನ.

ಗುಹೆಯ ಗಾಳಿಯಲ್ಲಿ ನಮ್ಮ ಉಸಿರು ಸೇರಿ ಕಾರ್ಬನ್ ಡೈಆಕ್ಸೈಡ್ ಏರಿತು ಅನ್ನಿ. ಆವಿ ಗೋಡೆಯ ಮೇಲೆ ಹನಿಯಾಗಿ ಕೂರುತ್ತದೆ. ಆ ಹನಿ ಅನಿಲವನ್ನು ಹೀರಿ ಆಮ್ಲವಾಗುತ್ತದೆ. ಅಲ್ಲಿಗೆ ಅದೇ ಕೆಲಸ ಉಲ್ಟಾ ನಡೆಯುತ್ತದೆ, ಕಟ್ಟಿಕೊಂಡ ಸುಣ್ಣ ಮತ್ತೆ ಕರಗಲು ಶುರುವಾಗುತ್ತದೆ. ಮಿಂಚುಹುಳಗಳಿಗೆ ಹೆಸರಾದ ನ್ಯೂಜಿಲೆಂಡಿನ ವೈಟೊಮೊ ಗುಹೆಯಲ್ಲಿ ಇದಕ್ಕಾಗಿಯೇ ಗಾಳಿಯನ್ನು ಸದಾ ಅಳೆಯುತ್ತಾರೆ. ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷದಲ್ಲಿ 2400 ಭಾಗ ದಾಟಬಾರದು ಅನ್ನುವುದು ಅಲ್ಲಿನ ಮಿತಿ. ಎಷ್ಟು ಜನರನ್ನು ಬಿಡಬೇಕು ಅನ್ನುವುದು ಟಿಕೆಟ್ ಕೌಂಟರಿನ ಸಾಲು ನೋಡಿ ತೀರ್ಮಾನವಾಗುವುದಿಲ್ಲ, ಈ ಅಳತೆ ನೋಡಿ ಆಗುತ್ತದೆ.

ಹಾಗಾಗಿ ಮುಚ್ಚಿದ ಭಾಗವನ್ನು ತೆರೆಯುವುದು ಅಂದರೆ ಒಂದು ಬೀಗ ತೆಗೆದಂತಲ್ಲ. ಇಕ್ಕಟ್ಟಾದ ಜಾಗವನ್ನು ಒಡೆದು ಅಗಲ ಮಾಡಬೇಕು, ನೆಲದ ಮಣ್ಣು ತೆಗೆಯಬೇಕು, ಕೇಬಲ್ ಎಳೆಯಬೇಕು, ಗಾಳಿಗೆ ಮೇಲಿನಿಂದ ಕೊರೆಯಬೇಕು. ಇದಿಷ್ಟೂ ಮಾಡಿದ ಮೇಲೆ ಅದು ಮೊದಲಿನ ಗುಹೆಯಾಗಿ ಉಳಿದಿರುವುದಿಲ್ಲ. ಹೊಸ ಕಿಂಡಿ ಕೊರೆದರೆ ಗಾಳಿ ಓಡುವ ದಾರಿಯೇ ಬದಲಾಗಿ, ತೇವದ ಜಾಗ ಒಣಗಿಹೋದ ಉದಾಹರಣೆಗಳಿವೆ.

ಪ್ರಪಂಚದ ಬೇರೆ ಗುಹೆಗಳಲ್ಲಿ ಎಷ್ಟು ಭಾಗ ತೆರೆದಿದ್ದಾರೆ ಅಂತ ನೋಡಿದರೆ ಬೇಲಂ ಜಿಪುಣತನ ಮಾಡಿಲ್ಲ ಅನ್ನುವುದು ಗೊತ್ತಾಗುತ್ತದೆ. ಇಟಲಿಯ ಫ್ರಸಾಸ್ಸಿ ಗುಹೆಗಳ ಒಟ್ಟು ಉದ್ದ ಸುಮಾರು 30 ಕಿಲೋಮೀಟರ್. ಪ್ರವಾಸಿಗರಿಗೆ ತೋರಿಸುವುದು ಒಂದೂವರೆ ಕಿಲೋಮೀಟರ್, ಬೇಲಂನಷ್ಟೇ. ಪೊಸ್ಟೊಯ್ನಾ 24 ಕಿಲೋಮೀಟರ್ ಇದೆ. ಜನ ನೋಡುವುದು 5, ಅದರಲ್ಲೂ ಹೆಚ್ಚಿನದು ರೈಲಿನಲ್ಲಿ ಕೂತು. ಅಮೆರಿಕದ ಮ್ಯಾಮತ್ ಕೇವ್‌ನಲ್ಲಿ ಈವರೆಗೆ ಅಳೆದಿರುವುದೇ 680 ಕಿಲೋಮೀಟರಿಗೂ ಜಾಸ್ತಿ. ಪ್ರವಾಸಿಗರಿಗೆ ಸಿದ್ಧವಾಗಿರುವ ದಾರಿ ಸುಮಾರು 16. ಇವೆಲ್ಲ ಲಕ್ಷಗಟ್ಟಲೆ ಜನ ಬರುವ ಗುಹೆಗಳು. ಇನ್ನಷ್ಟು ಕಿಲೋಮೀಟರ್ ತೆರೆಯದಿದ್ದರೆ ಜನ ಬರುವುದಿಲ್ಲ ಅಂತ ಅಲ್ಲಿ ಯಾರಿಗೂ ಅನಿಸಿಲ್ಲ. ಬೇಲಂ ತನ್ನ ಹತ್ತಿರ ಹತ್ತಿರ ಅರ್ಧವನ್ನು ಆಗಲೇ ಕೊಟ್ಟುಬಿಟ್ಟಿದೆ. ನನಗೆ ಕೇಳಿದರೆ ಅದು ಸಾಕಷ್ಟಾಯಿತು.

ಬೇಲಂ ಇಲ್ಲಿಗೆ ಬಂದದ್ದು ಹೇಗೆ ಅನ್ನುವುದನ್ನೂ ಸ್ವಲ್ಪ ಹೇಳಬೇಕು. ಸುತ್ತಲಿನ ಹಳ್ಳಿಯವರಿಗೆ ಈ ಗವಿ ಮೊದಲಿನಿಂದಲೂ ಗೊತ್ತು. ಒಳಗೆ ಬೌದ್ಧ ಕಾಲದ ಕುರುಹು ಸಿಕ್ಕಿವೆ, ಅಂದರೆ ಭಿಕ್ಷುಗಳೂ ಬಂದು ಹೋಗಿದ್ದಾರೆ. ಬರಹದಲ್ಲಿ ದಾಖಲಾದದ್ದು 1884ರಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರಿಂದ. ಆಮೇಲೆ ಸುಮಾರು ನೂರು ವರ್ಷ ಯಾರೂ ತಿರುಗಿ ನೋಡಲಿಲ್ಲ. 1982-83ರಲ್ಲಿ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ಒಳಗೆ ಹೋಗಿ ಅಳತೆ ಮಾಡಿ ನಕ್ಷೆ ಬರೆಯಿತು. ಗುಹೆಯ ಬಾಯಿ ಅಂದರೆ ಬಾವಿಯಂಥ ಗುಂಡಿಗಳು. ಅಂಥ ಗುಂಡಿ ಕಂಡರೆ ಕಸ ಸುರಿಯುವುದು ನಮ್ಮ ಕಡೆಯ ಅಭ್ಯಾಸ, ಬೇಲಂನಲ್ಲೂ ಅದೇ ಆಗಿತ್ತು. ಆಂಧ್ರ ಪ್ರದೇಶ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1999ರಲ್ಲಿ ಕೆಲಸ ಕೈಗೆತ್ತಿಕೊಂಡು, ಕಸ ಮಣ್ಣು ತೆಗೆಸಿ, ದಾರಿ ದೀಪ ಮಾಡಿಸಿ 2002ರಲ್ಲಿ ಜನರಿಗೆ ತೆರೆಯಿತು. ಇದನ್ನು ನಾನು ದೊಡ್ಡ ಕೆಲಸ ಅಂತಲೇ ಎಣಿಸುತ್ತೇನೆ. ಪ್ರವಾಸೋದ್ಯಮ ಗುಹೆಯನ್ನು ಹಾಳು ಮಾಡುತ್ತದೆ ಅಂತ ಸುಲಭವಾಗಿ ಹೇಳಿಬಿಡುತ್ತಾರೆ. ಬೇಲಂ ವಿಷಯದಲ್ಲಿ ಕಸದ ಗುಂಡಿಯಾಗಿದ್ದ ಗುಹೆಗೆ ಒಬ್ಬ ಕಾವಲುಗಾರ ಸಿಕ್ಕಿದ್ದೇ ಪ್ರವಾಸೋದ್ಯಮದಿಂದ.

ದೀಪದ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ಜನರಿಗೆ ಗೊತ್ತಿರುವುದು ತುಂಬಾ ಕಡಿಮೆ. ಗುಹೆಯೊಳಗೆ ಬೆಳಕಿಲ್ಲ, ಆದ್ದರಿಂದ ಹಸಿರು ಇಲ್ಲ. ಒಂದು ದೀಪ ಹಾಕಿದಿರಿ ಅಂದರೆ ಅದರ ಸುತ್ತ ಕೆಲವೇ ತಿಂಗಳಲ್ಲಿ ಪಾಚಿ ಬರುತ್ತದೆ. ನಮ್ಮ ಬಟ್ಟೆ, ಚಪ್ಪಲಿಯಲ್ಲೇ ಅದರ ಬೀಜಕಣಗಳು ಒಳಗೆ ಬಂದಿರುತ್ತವೆ. ಆಮೇಲೆ ಹಾವಸೆ, ಜರೀಗಿಡ. ಇವು ಕಲ್ಲಿನ ಮೇಲ್ಮೈಯನ್ನು ಕೊರೆಯುತ್ತವೆ, ಬಣ್ಣ ಕೆಡಿಸುತ್ತವೆ. ಬೇರೆ ದೇಶಗಳಲ್ಲಿ ಇದನ್ನು ಹೈಡ್ರೋಜನ್ ಪೆರಾಕ್ಸೈಡ್ ಸಿಂಪಡಿಸಿ ತೊಳೆಯುತ್ತಾರೆ. ತೊಳೆದಾಗಲೆಲ್ಲ ಕಲ್ಲಿಗೂ ಸ್ವಲ್ಪ ಪೆಟ್ಟು. ಅದಕ್ಕಿಂತ ಬರದ ಹಾಗೆ ನೋಡಿಕೊಳ್ಳುವುದು ಸುಲಭ: ಎಲ್‌ಇಡಿ ದೀಪ, ಗಿಡಗಳಿಗೆ ಬೇಕಾದ ನೀಲಿ ಮತ್ತು ಕೆಂಪು ಬೆಳಕು ಕಡಿಮೆ ಇರುವ ಹಳದಿ ಬೆಳಕು, ಗುಂಪು ಬಂದಾಗ ಹತ್ತಿ ಹೋದ ಮೇಲೆ ತಾನಾಗಿ ಆರುವ ಸೆನ್ಸರ್. ನಮ್ಮಲ್ಲಿ ಗುಹೆಗಳಿಗೆ ಕೆಂಪು, ನೀಲಿ, ಹಸಿರು ದೀಪ ಹಾಕಿ ಜಾತ್ರೆಯ ಹಾಗೆ ಮಾಡುವ ಚಾಳಿ ಇದೆ. ಕಲ್ಲಿನ ನಿಜವಾದ ಬಣ್ಣ ಅದರಲ್ಲಿ ಕಾಣುವುದೇ ಇಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ.

ಜನ ಮತ್ತು ದೀಪ ಸೇರಿ ಏನು ಮಾಡಬಲ್ಲವು ಅನ್ನುವುದಕ್ಕೆ ಫ್ರಾನ್ಸಿನ ಲಾಸ್ಕೋ ಗುಹೆಯೇ ಸಾಕ್ಷಿ. ಸುಣ್ಣದ ಕಲ್ಲಿನ ಆ ಗುಹೆಯಲ್ಲಿ ಹಳೆಯ ಶಿಲಾಯುಗದ ಚಿತ್ರಗಳಿವೆ. 1940ರಲ್ಲಿ ಸಿಕ್ಕಿತು, 1948ರಲ್ಲಿ ಪ್ರವಾಸಿಗರಿಗೆ ತೆರೆದರು. 1955ರ ಹೊತ್ತಿಗೆ ದಿನಕ್ಕೆ ಸುಮಾರು 1200 ಜನ ಬರುತ್ತಿದ್ದರು. ಗೋಡೆಗಳ ಮೇಲೆ ಮೊದಲು ಹಸಿರು ಪಾಚಿ ಕಂಡಿತು, ಆಮೇಲೆ ಚಿತ್ರಗಳ ಮೇಲೆ ಬಿಳಿ ಸುಣ್ಣದ ಪದರ. ಸಾವಿರಾರು ವರ್ಷ ಉಳಿದಿದ್ದ ಚಿತ್ರಗಳಿಗೆ ಹದಿನೈದು ವರ್ಷದ ಪ್ರವಾಸ ತಡೆಯಲಿಲ್ಲ. 1963ರಲ್ಲಿ ಗುಹೆ ಮುಚ್ಚಿದರು, ಇವತ್ತಿಗೂ ಮುಚ್ಚಿಯೇ ಇದೆ.

ಆದರೆ ಪಕ್ಕದ ಮೊಂಟಿನ್ಯಾಕ್ ಊರಿನ ಪ್ರವಾಸೋದ್ಯಮ ಮುಚ್ಚಿಹೋಗಲಿಲ್ಲ. 1983ರಲ್ಲಿ ಗುಹೆಯ ಹತ್ತಿರವೇ ಅದರ ಪ್ರತಿಕೃತಿ ಕಟ್ಟಿ ತೆರೆದರು. 2016ರಲ್ಲಿ ಇನ್ನೂ ದೊಡ್ಡ, ಪೂರ್ತಿ ಪ್ರತಿಕೃತಿ ಬಂತು. ಜನ ಈಗಲೂ ಲಕ್ಷಗಟ್ಟಲೆ ಬರುತ್ತಾರೆ, ಅಸಲಿ ಅಲ್ಲ ಅಂತ ಗೊತ್ತಿದ್ದೂ ಬರುತ್ತಾರೆ. ಹೋಟೆಲ್, ಅಂಗಡಿ, ಗೈಡ್ ಎಲ್ಲರಿಗೂ ಕೆಲಸ ಇದೆ. ಇಲ್ಲಿ ಗಮನಿಸಬೇಕಾದದ್ದು ಏನೆಂದರೆ, ಊರಿನ ದುಡಿಮೆ ನಿಂತಿರುವುದು ಗುಹೆಯ ಒಳಗೆ ಎಷ್ಟು ಜನ ಹೋದರು ಅನ್ನುವುದರ ಮೇಲಲ್ಲ, ಊರಿಗೆ ಎಷ್ಟು ಜನ ಬಂದು ಎಷ್ಟು ಹೊತ್ತು ಉಳಿದರು ಅನ್ನುವುದರ ಮೇಲೆ.

ಇದೇ ಲೆಕ್ಕವನ್ನು ನಿಮ್ಮ ಪ್ರವಾಸಕ್ಕೆ ಹಾಕಿ ನೋಡಿ. ಬೆಳಿಗ್ಗೆ ಕಾರಿನಲ್ಲಿ ಬಂದಿರಿ, ಟಿಕೆಟ್ ತಗೊಂಡಿರಿ, ಒಂದೆರಡು ಗಂಟೆ ಒಳಗಿದ್ದಿರಿ, ಬೆವರು ಒರೆಸಿಕೊಂಡು ನೀರು ಕುಡಿದು ಹೊರಟಿರಿ. ರಾತ್ರಿ ಉಳಿದದ್ದು ಎಲ್ಲಿ? ಬೇಲಂಗೆ ಹೋಗುವ ನಮ್ಮ ಕಡೆಯವರಲ್ಲಿ ಹೆಚ್ಚಿನವರು ಗಂಡಿಕೋಟಕ್ಕೋ ತಾಡಿಪತ್ರಿಗೋ ಹೋಗಿಬಿಡುತ್ತಾರೆ, ಇಲ್ಲವೇ ಅದೇ ದಿನ ವಾಪಸ್. ಟಿಕೆಟ್ ದುಡ್ಡು ನಿಗಮಕ್ಕೆ ಹೋಗುತ್ತದೆ. ಪೆಟ್ರೋಲ್ ದುಡ್ಡು ಹೆದ್ದಾರಿಯ ಬಂಕಿಗೆ. ಬೇಲಂ ಹಳ್ಳಿಯವರಿಗೆ ಸಿಕ್ಕಿದ್ದು ಏನು? ಇನ್ನೊಂದೂವರೆ ಕಿಲೋಮೀಟರ್ ತೆರೆದಿದ್ದರೆ ನೀವು ಒಳಗೆ ಇನ್ನೊಂದು ಗಂಟೆ ಜಾಸ್ತಿ ಇರುತ್ತಿದ್ದಿರಿ, ಹೊರಗೆ ಒಂದು ಗಂಟೆ ಕಡಿಮೆ. ಊರಿನವರ ಕೈಗೆ ಬರುವ ದುಡ್ಡು ಖರ್ಚಾಗುವುದು ಹೊರಗೆ. ಗುಹೆ ಉದ್ದವಾದಷ್ಟೂ ದೀಪ, ಕೇಬಲ್, ಕಾವಲು, ಸ್ವಚ್ಛತೆ ಇವುಗಳ ಖರ್ಚು ಮಾತ್ರ ಖಚಿತವಾಗಿ ಏರುತ್ತದೆ.

ಗುಹೆಯ ಆದಾಯ ಊರಿಗೆ ಬರಬೇಕು ಅನ್ನುವ ಯೋಚನೆ ಹೊಸದಲ್ಲ. ಸ್ಲೊವೇನಿಯಾದಲ್ಲಿ ವಿಲೆನಿಟ್ಸಾ ಅಂತ ಒಂದು ಗುಹೆ ಇದೆ. 1633ರಷ್ಟು ಹಿಂದೆಯೇ ಅಲ್ಲಿ ಪ್ರವೇಶ ಶುಲ್ಕ ವಸೂಲಿ ಶುರುವಾಯಿತು. ಜಮೀನಿನ ಒಡೆಯನಾಗಿದ್ದ ಶ್ರೀಮಂತ ಗುಹೆಯನ್ನು ಲೋಕೆವ್ ಊರಿನ ಚರ್ಚಿಗೆ ವಹಿಸಿದ್ದ, ಶುಲ್ಕ ಪಡೆಯುತ್ತಿದ್ದದ್ದು ಆ ಚರ್ಚು. ನಾನೂರು ವರ್ಷದ ಹಿಂದಿನವರಿಗೂ ಈ ವಿಷಯ ಹೊಳೆದಿತ್ತು.

ವೈಟೊಮೊದ ಕತೆ ಇನ್ನೂ ಚೆನ್ನಾಗಿದೆ. 1887ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರ ಮುಖಂಡ ಟಾನೆ ಟಿನೊರಾವ್, ಫ್ರೆಡ್ ಮೇಸ್ ಎಂಬ ಇಂಗ್ಲಿಷ್ ಸರ್ವೇಯರ್ ಜೊತೆ ತೆಪ್ಪದಲ್ಲಿ ಗುಹೆಯೊಳಗೆ ಹೋದರು. 1889ರ ಹೊತ್ತಿಗೆ ಟಿನೊರಾವ್ ಮತ್ತು ಅವರ ಹೆಂಡತಿ ತಾವೇ ಗೈಡ್ ಆಗಿ, ಶುಲ್ಕ ಪಡೆದು ಜನರಿಗೆ ತೋರಿಸುತ್ತಿದ್ದರು. 1906ರಲ್ಲಿ ಸರ್ಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಎಂಬತ್ತು ವರ್ಷ ದಾಟಿದ ಮೇಲೆ, 1989ರಲ್ಲಿ, ಮೂಲ ಒಡೆಯರ ವಂಶಸ್ಥರಿಗೆ ಭೂಮಿ ಮತ್ತು ಗುಹೆ ವಾಪಸ್ ಸಿಕ್ಕಿತು. ಈಗ ಅವರಿಗೆ ಆದಾಯದಲ್ಲಿ ಪಾಲಿದೆ, ನಿರ್ವಹಣೆಯಲ್ಲಿ ಮಾತಿದೆ, ಅಲ್ಲಿ ಕೆಲಸ ಮಾಡುವ ಬಹಳ ಜನ ಆ ಮನೆತನಗಳವರೇ.

ವಿಯೆಟ್ನಾಮಿನ ಸೊನ್ ಡೂಂಗ್ ಇನ್ನೊಂದು ದಾರಿ ಹಿಡಿದಿದೆ. ಜಗತ್ತಿನ ಅತಿ ದೊಡ್ಡ ಗುಹೆ ಅಂತ ಹೆಸರು. ಅದರ ಬಾಯಿಯನ್ನು ಮೊದಲು ಕಂಡದ್ದು ಹೊ ಖಾನ್ ಎಂಬ ಸ್ಥಳೀಯ, ಕಾಡಿನಲ್ಲಿ ತಿರುಗಿ ಬದುಕುತ್ತಿದ್ದವರು. 2009ರಲ್ಲಿ ಅವರೇ ಬ್ರಿಟಿಷ್ ತಂಡವನ್ನು ಅಲ್ಲಿಗೆ ಕರೆದೊಯ್ದರು. 2013ರಿಂದ ಪ್ರವಾಸ ಶುರುವಾಯಿತು. ವರ್ಷಕ್ಕೆ ಸುಮಾರು ಸಾವಿರ ಜನಕ್ಕೆ ಮಾತ್ರ ಅವಕಾಶ, ಒಬ್ಬರಿಗೆ ಸುಮಾರು 3000 ಡಾಲರ್. ಒಳಗೆ ಮೆಟ್ಟಿಲಿಲ್ಲ, ದೀಪದ ಸಾಲಿಲ್ಲ. ಸಾಮಾನು ಹೊರುವವರು, ಅಡುಗೆಯವರು, ಸುರಕ್ಷತೆ ನೋಡುವವರು ಎಲ್ಲ ಸುತ್ತಲಿನ ಹಳ್ಳಿಯವರು. ಅವರಲ್ಲಿ ಎಷ್ಟೋ ಜನ ಮೊದಲು ಮರ ಕಡಿದು ಜೀವನ ಮಾಡುತ್ತಿದ್ದವರು. ಬೇಲಂಗೆ ಈ ದರ ಹೊಂದುವುದಿಲ್ಲ, ಹೊಂದಲೂಬಾರದು. ಸಾಮಾನ್ಯ ಕುಟುಂಬ ಹೋಗಿ ನೋಡುವ ಗುಹೆ ಅದು, ಹಾಗೇ ಇರಲಿ. ಆದರೆ ಮುಚ್ಚಿದ ಭಾಗದ ಬಗ್ಗೆ ಯೋಚಿಸುವಾಗ ಈ ಮಾದರಿ ನೆನಪಿಡುವಂಥದ್ದು.

ನಮ್ಮ ದೇಶದಲ್ಲೇ ಬೇಕೆಂದರೆ ಛತ್ತೀಸ್‌ಗಢದ ಬಸ್ತರಿನ ಕೋಟಮ್‌ಸರ್ ಗುಹೆ ಇದೆ, ಕಾಂಗೇರ್ ಕಣಿವೆ ರಾಷ್ಟ್ರೀಯ ಉದ್ಯಾನದ ಒಳಗೆ. ಕಣ್ಣು ಕಾಣದ ಮೀನುಗಳಿಗೆ ಹೆಸರುವಾಸಿ. ಸುತ್ತಲಿನ ಬುಡಕಟ್ಟು ಹಳ್ಳಿಗಳ ಯುವಕರೇ ಗೈಡ್‌ಗಳು, ಅವರಿಲ್ಲದೆ ಒಳಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ನೀರು ನುಗ್ಗುವುದರಿಂದ ತಿಂಗಳುಗಟ್ಟಲೆ ಮುಚ್ಚಿರುತ್ತದೆ. ಆ ಮುಚ್ಚಿದ ತಿಂಗಳು ಗುಹೆಗೆ ವಿಶ್ರಾಂತಿಯೂ ಹೌದು.

ಬೇಲಂನಲ್ಲಿ ಹಣದ ಮಾತು ಆಡುವಾಗ ಇನ್ನೊಂದು ಸತ್ಯ ಬಿಟ್ಟರೆ ಆಗುವುದಿಲ್ಲ. ನಮ್ಮ ಮನೆಗಳ ಅಡುಗೆ ಕಟ್ಟೆಗೆ, ಬಚ್ಚಲಿಗೆ, ಶೆಲ್ಫಿಗೆ ಹಾಕಿಸುವ ಕಪ್ಪು ಕಡಪ ಕಲ್ಲು ಗೊತ್ತಲ್ಲ? ಅದೂ ಸುಣ್ಣದ ಕಲ್ಲೇ. ಬೇಲಂ ಗುಹೆ ಕೊರೆದುಕೊಂಡಿರುವುದೂ ಅದೇ ಸೀಮೆಯ ಅದೇ ಜಾತಿಯ ಕಲ್ಲಿನಲ್ಲಿ. ತಾಡಿಪತ್ರಿ, ಬೇತಂಚೆರ್ಲ, ಕೊಲಿಮಿಗುಂಡ್ಲ ಸುತ್ತ ಈ ಕಲ್ಲು ತೆಗೆದು ಪಾಲಿಶ್ ಮಾಡುವುದು ಸಾವಿರಾರು ಕುಟುಂಬಗಳ ಅನ್ನ. ಸಿಮೆಂಟ್ ಕಾರ್ಖಾನೆಗಳೂ ಅದೇ ಕಲ್ಲಿಗಾಗಿ ಬಂದಿವೆ. ಹಾಗಾಗಿ ಅಲ್ಲಿನ ಒಬ್ಬ ಯುವಕನ ಮುಂದೆ ಇರುವ ಪ್ರಶ್ನೆ ಸುಲಭದ್ದಲ್ಲ. ಕ್ವಾರಿಯಲ್ಲಿ ದಿನಗೂಲಿ ಖಚಿತ, ಪ್ರವಾಸಿ ಬರುವುದು ರಜೆಯಲ್ಲಿ ಮಾತ್ರ. ಗುಹೆಯಿಂದ ಅವನಿಗೆ ವರ್ಷಪೂರ್ತಿ ನಂಬಬಹುದಾದ ದುಡಿಮೆ ಸಿಗದಿದ್ದರೆ, ಗುಹೆ ಉಳಿಸಿಕೊಳ್ಳಿ ಅಂತ ದೂರದಲ್ಲಿ ಕೂತ ನಾವು ಹೇಳುವ ಮಾತಿಗೆ ತೂಕವಿಲ್ಲ.

ಕಲ್ಲು ತೆಗೆಯುವ ಹಕ್ಕು ಮತ್ತು ಸ್ಥಳೀಯರ ಪಾಲಿನ ಬಗ್ಗೆ ದೇಶದ ಅತಿ ಮುಖ್ಯ ತೀರ್ಪೊಂದು ಹುಟ್ಟಿದ್ದೂ ಆಂಧ್ರದ ಇನ್ನೊಂದು ಸುಣ್ಣದ ಕಲ್ಲಿನ ಗುಹೆಯ ನೆರೆಯಲ್ಲೇ. ಅರಕು ಕಡೆಯ ಬೋರ್ರಾ ಸುತ್ತಲಿನ ಅನಂತಗಿರಿ ಮಂಡಲದಲ್ಲಿ ಆದಿವಾಸಿ ಪ್ರದೇಶದ ಭೂಮಿಯನ್ನು ಖಾಸಗಿ ಗಣಿಗಾರಿಕೆಗೆ ಗುತ್ತಿಗೆ ಕೊಟ್ಟದ್ದನ್ನು ಸಮತಾ ಎಂಬ ಸಂಸ್ಥೆ ಪ್ರಶ್ನಿಸಿತು. 1997ರಲ್ಲಿ ಸುಪ್ರೀಂ ಕೋರ್ಟ್, ಅನುಸೂಚಿತ ಪ್ರದೇಶದಲ್ಲಿ, ಅಂದರೆ ಆದಿವಾಸಿಗಳ ರಕ್ಷಣೆಗೆ ಸಂವಿಧಾನದ ಅಡಿ ಗುರುತಿಸಿದ ಪ್ರದೇಶದಲ್ಲಿ, ಅಂಥ ಗುತ್ತಿಗೆ ಸಲ್ಲದು ಅಂದಿತು. ಲಾಭದಲ್ಲಿ ಕನಿಷ್ಠ ಶೇ. 20ನ್ನು ಸ್ಥಳೀಯರ ನೀರು, ಶಾಲೆ, ಆಸ್ಪತ್ರೆಗಳಂಥ ಅಗತ್ಯಗಳಿಗೆ ಕಾಯಂ ನಿಧಿಯಾಗಿ ಎತ್ತಿಡಬೇಕು ಅನ್ನುವ ಮಾತೂ ಆ ತೀರ್ಪಿನಲ್ಲಿದೆ. ಅದು ಗಣಿಗಾರಿಕೆಗೆ ಹೇಳಿದ್ದು, ಬೇಲಂ ಅನುಸೂಚಿತ ಪ್ರದೇಶವೂ ಅಲ್ಲ. ಆದರೆ ಗುಹೆಯ ಟಿಕೆಟ್ ಹಣದಲ್ಲಿ ಇಂತಿಷ್ಟು ಪಾಲು ನೇರವಾಗಿ ಗ್ರಾಮ ಪಂಚಾಯಿತಿಗೆ ಅಂತ ನಿಯಮ ಮಾಡಲು ಅದಕ್ಕಿಂತ ಒಳ್ಳೆಯ ಮಾದರಿ ಬೇಕೆ? ಹೊಸ ಭಾಗ ತೆರೆಯುವುದಕ್ಕಿಂತ ಇದೊಂದು ನಿಯಮದಿಂದ ಊರಿಗೆ ಜಾಸ್ತಿ ಸಿಗುತ್ತದೆ.

ಗುಹೆಯ ಮೇಲಿನ ನೆಲವೂ ಗುಹೆಯೇ ಅನ್ನುವುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಸುಣ್ಣದ ಕಲ್ಲಿನ ನಾಡಿನಲ್ಲಿ ಮೇಲೆ ಸುರಿದದ್ದು ಸೋಸದೆ ಕೆಳಗೆ ಇಳಿಯುತ್ತದೆ. ಅಮೆರಿಕದ ಕೆಂಟಕಿಯಲ್ಲಿ ಹಾರ್ಸ್ ಕೇವ್ ಎಂಬ ಸಣ್ಣ ಊರಿದೆ. ಊರಿನ ನಡುವೆಯೇ ಹಿಡನ್ ರಿವರ್ ಗುಹೆಯ ಬಾಯಿ. 1916ರಲ್ಲಿ ಪ್ರವಾಸಿಗರಿಗೆ ತೆರೆದರು. ಊರಿನ ಚರಂಡಿ ನೀರು, ಕಾರ್ಖಾನೆಗಳ ಕೊಳಚೆ ಕೆಳಗಿಳಿದು ಗುಹೆ ಎಷ್ಟು ನಾರತೊಡಗಿತು ಅಂದರೆ 1943ರಲ್ಲಿ ಮುಚ್ಚಬೇಕಾಯಿತು. 1989ರಲ್ಲಿ ಹೊಸ ಕೊಳಚೆ ಶುದ್ಧೀಕರಣ ಘಟಕ ಬಂದ ಮೇಲೆ ನೀರು ತಿಳಿಯಾಯಿತು, 1993ರಲ್ಲಿ ಗುಹೆ ಮತ್ತೆ ತೆರೆಯಿತು. ಐವತ್ತು ವರ್ಷದ ವ್ಯಾಪಾರ ಒಂದು ಚರಂಡಿಗೆ ಹೋಯಿತು. ಬೇಲಂ ಮೇಲಿನ ಹೊಲಗಳು, ಪಾರ್ಕಿಂಗ್ ಜಾಗ, ಶೌಚಾಲಯದ ಗುಂಡಿ, ಹತ್ತಿರದ ಕ್ವಾರಿಯ ಸ್ಫೋಟ ಇವೆಲ್ಲ ಗುಹೆಯ ಹಣೆಬರಹ ಬರೆಯುವ ಸಂಗತಿಗಳೇ. ದೀಪದ ಟೆಂಡರ್ ಕರೆಯುವ ಮೊದಲು ಇವನ್ನು ನೋಡಬೇಕು.

ಹಾಗಾದರೆ ಮುಚ್ಚಿದ ಭಾಗ ಸುಮ್ನೆ ಬಿದ್ದಿರಬೇಕೇ? ಇಲ್ಲ, ಅದು ಈಗಲೂ ಕೆಲಸಕ್ಕೆ ಬರುತ್ತದೆ. ಮೇಘಾಲಯದ ಮಾವ್‌ಮ್ಲುಹ್ ಗುಹೆಯ ಒಂದು ಸ್ಟ್ಯಾಲಗ್ಮೈಟ್ ಕತ್ತರಿಸಿ ಅದರ ಪದರಗಳನ್ನು ಓದಿದಾಗ 4200 ವರ್ಷದ ಹಿಂದೆ ಮಳೆ ಕೈಕೊಟ್ಟ ದೊಡ್ಡ ಬರಗಾಲದ ಗುರುತು ಸಿಕ್ಕಿತು. ಅದರ ಆಧಾರದ ಮೇಲೆ 2018ರಲ್ಲಿ ಭೂಮಿಯ ಇತಿಹಾಸದ ಈಗಿನ ಕಾಲಘಟ್ಟಕ್ಕೆ ಮೇಘಾಲಯನ್ ಯುಗ ಅಂತ ಹೆಸರಿಟ್ಟರು. ಇಡೀ ಜಗತ್ತಿನ ಕಾಲಮಾನಕ್ಕೆ ನಮ್ಮ ಒಂದು ರಾಜ್ಯದ ಹೆಸರು! ಯಾರೂ ಮುಟ್ಟದ ಕಲ್ಲು ಉಳಿದಿದ್ದಕ್ಕೆ ಇದು ಸಾಧ್ಯವಾಯಿತು. ಜನ ಓಡಾಡಿದ ಕಡೆ ಕೈಯ ಜಿಡ್ಡು, ಬಟ್ಟೆಯ ನೂಲು, ಕೂದಲು ಕಲ್ಲಿಗೆ ಅಂಟುತ್ತವೆ. ಅಮೆರಿಕದ ಕಾರ್ಲ್ಸ್‌ಬ್ಯಾಡ್ ಗುಹೆಯಲ್ಲಿ ಸ್ವಯಂಸೇವಕರು ಬ್ರಷ್ ಹಿಡಿದು ದಾರಿಯ ಪಕ್ಕದ ನೂಲು ಹೆಕ್ಕುವುದನ್ನೇ ಒಂದು ಶಿಬಿರ ಮಾಡಿಕೊಂಡಿದ್ದಾರೆ. 2024ರಲ್ಲಿ ಯಾರೋ ಅಲ್ಲಿ ಬೀಳಿಸಿಹೋದ ಒಂದು ಪೊಟ್ಟಣ ಜೋಳದ ಕುರುಕಲಿನಿಂದ ಬೂಸ್ಟು ಹಬ್ಬಿತ್ತು. ಗುಹೆಗೆ ಒಂದು ಪೊಟ್ಟಣವೂ ದೊಡ್ಡ ವಿಷಯ.

ನಾನು ಸಲಹೆ ಕೊಡುವ ಜಾಗದಲ್ಲಿದ್ದರೆ ಹೇಳುವುದು ಇಷ್ಟು. ಉಳಿದ ಭಾಗಕ್ಕೆ ಕಾಂಕ್ರೀಟ್, ಕೇಬಲ್ ಬೇಡ. ಮೊದಲು ಲೇಸರ್ ಸ್ಕ್ಯಾನ್ ಮಾಡಿಸಿ ಪೂರ್ತಿ ಗುಹೆಯ ಮೂರು ಆಯಾಮದ ನಕ್ಷೆ ಮಾಡಲಿ. ಅದನ್ನು ಹೊರಗೆ ಒಂದು ತಂಪಾದ ಕಟ್ಟಡದಲ್ಲಿ, ಕಲ್ಲಿನ ಕತೆಯ ಜೊತೆ ತೋರಿಸಲಿ. ಕಲ್ಲು ಕೆಲಸದವರೇ ಅಲ್ಲಿ ಕಡಪ ಕಲ್ಲಿನ ಬಗ್ಗೆ ಹೇಳಲಿ, ಅವರಿಗಿಂತ ಚೆನ್ನಾಗಿ ಆ ಕಲ್ಲು ಗೊತ್ತಿರುವವರು ಯಾರು? ನಿಮ್ಮ ತಾಯಿಯವರಂತೆ ಒಳಗೆ ಹೋಗಲಾರದವರಿಗೂ ಗುಹೆ ನೋಡಿದ ಹಾಗಾಗುತ್ತದೆ, ಊರಿನಲ್ಲಿ ಇನ್ನೊಂದೆರಡು ಗಂಟೆ ಕಳೆದ ಹಾಗೂ ಆಗುತ್ತದೆ. ಮುಚ್ಚಿದ ಭಾಗದಲ್ಲಿ ಬಾವಲಿಗಳಿಲ್ಲದ, ನೆಲ ಗಟ್ಟಿಯಿರುವ ಕಡೆ, ತಜ್ಞರು ಒಪ್ಪಿದರೆ, ದಿನಕ್ಕೆ ಒಂದೋ ಎರಡೋ ಪುಟ್ಟ ಗುಂಪು ಹೆಲ್ಮೆಟ್ ದೀಪದ ಬೆಳಕಿನಲ್ಲಿ ತೆವಳಿಕೊಂಡು ಹೋಗಿ ಬರಲಿ. ಅದಕ್ಕೆ ಬೇರೆ ದರ. ಕರೆದೊಯ್ಯುವವರು ತರಬೇತಿ ಪಡೆದ ಸ್ಥಳೀಯ ಯುವಕ, ಯುವತಿಯರೇ ಆಗಿರಬೇಕು. ಗಾಳಿ ಕಡಿಮೆಯಿರುವ ಗುಹೆಗಳಲ್ಲಿ ರೇಡಾನ್ ಎಂಬ ವಿಕಿರಣ ಅನಿಲ ಸೇರಿಕೊಳ್ಳುತ್ತದೆ. ಒಮ್ಮೆ ಬಂದುಹೋಗುವ ನಮಗೆ ಅದರಿಂದ ಏನೂ ಆಗುವುದಿಲ್ಲ, ವರ್ಷಗಟ್ಟಲೆ ಒಳಗೇ ದುಡಿಯುವ ಗೈಡ್‌ಗಳಿಗೆ ಆಗುತ್ತದೆ. ಅದನ್ನು ಅಳೆದು ಅವರ ಕೆಲಸದ ಗಂಟೆ ನಿಗದಿ ಮಾಡಬೇಕು.

ಸಂಜೆ ಉಳಿಯುವವರಿಗೆ ಹಳ್ಳಿಯಲ್ಲೇ ಸ್ವಚ್ಛವಾದ ಕೆಲವು ಕೋಣೆ, ಮರುದಿನ ಯಾಗಂಟಿ, ತಾಡಿಪತ್ರಿಯ ವಿಜಯನಗರ ಕಾಲದ ಗುಡಿಗಳು, ಗಂಡಿಕೋಟದ ಕಣಿವೆ ಸುತ್ತಿಸಿ ತರುವ ಸ್ಥಳೀಯ ವಾಹನ. ಇದಕ್ಕೆ ಗುಹೆಯ ಒಂದು ಕಲ್ಲನ್ನೂ ಅಲುಗಾಡಿಸಬೇಕಿಲ್ಲ.

ಇದೆಲ್ಲ ಆಗಲು ಕಾಲ ಹಿಡಿಯಬಹುದು. ನಾಳೆಯೇ ಮಾಡಬಹುದಾದ ಒಂದು ಕೆಲಸ ಇದೆ. ಈಗ ತೆರೆದಿರುವ ದಾರಿಯ ಇಕ್ಕಟ್ಟಿನ ಜಾಗಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಮೀಟರ್ ಹಾಕಿ, ಅದರ ಅಂಕಿ ಟಿಕೆಟ್ ಕೌಂಟರಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ತೋರಿಸುವುದು. ಮಿತಿ ದಾಟಿದರೆ ಮುಂದಿನ ಗುಂಪು ಅರ್ಧ ಗಂಟೆ ಹೊರಗೆ ಕಾಯಲಿ. ಕಾಯುವ ಆ ಹೊತ್ತಿನಲ್ಲಿ ಗೇಟಿನ ಹೊರಗೆ ಎಳನೀರು ಮಾರುವವರಿಗೂ ವ್ಯಾಪಾರವಾಗುತ್ತದೆ.